ನಮ್ಮ ತಾಲೂಕನ್ನೂ ಅಚ್ಚಿಗೆ ಹಾಕಿದ ಮೇಷ್ಟ್ರು

ಪ್ರತಿ ವರ್ಷ ಜನವರಿ 25, ಪಿ. ಲಂಕೇಶ್ ತೀರಿಕೊಂಡ ದಿನ ಬಂದರೆ ನನ್ನ ಫೋನಿನ ತುಂಬ ಅವರ ಫೋಟೋ. ಸಿಗರೇಟು ಹಿಡಿದದ್ದು, ಕನ್ನಡಕ ಹಾಕಿ ದಿಟ್ಟಿಸುತ್ತಿರುವುದು. ಕೆಳಗೆ ಒಂದೇ ಮಾತು: ಸರ್ಕಾರವನ್ನೇ ಬೀಳಿಸಿದ ಪತ್ರಕರ್ತ. ಮಾರ್ಚ್ 8ಕ್ಕೆ, ಹುಟ್ಟಿದ ದಿನ ಅಂತ, ಅದೇ ಫೋಟೋಗಳು ಇನ್ನೊಂದು ಸುತ್ತು. ನಾನೂ ಒಂದು ಲೈಕ್ ಒತ್ತಿ ಸುಮ್ಮನಾಗುತ್ತಿದ್ದೆ. ಈ ಸಲ ಯಾಕೋ ಬರೆಯಬೇಕು ಅನಿಸಿತು.

ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರ 1983ರಲ್ಲಿ ಹೋದದ್ದು ನಿಜ. ಅವರ 'ಲಂಕೇಶ್ ಪತ್ರಿಕೆ' ಅದಕ್ಕೆ ಕೈ ಹಾಕಿದ್ದೂ ನಿಜ. ಆದರೆ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತ್ತು. ಆಮೇಲೆ ಕನ್ನಡಕ್ಕಾಗಿ ಗೋಕಾಕ್ ಚಳವಳಿ ಬಂತು. ಊರೂರಲ್ಲಿ ಜನ ಸಿಟ್ಟಾಗಿದ್ದರು. ಒಬ್ಬ ಪತ್ರಕರ್ತ ಒಂದು ಸರ್ಕಾರ ಬೀಳಿಸಿದ ಅನ್ನುವುದು ಕೇಳಲು ಚೆಂದ, ಅಷ್ಟೇ. ನನ್ನಂಥವನಿಗೆ ಲಂಕೇಶ್ ಮಾಡಿದ ದೊಡ್ಡ ಕೆಲಸವೇ ಬೇರೆ. ನಾವು ಮಾತಾಡುವ ಹಾಗೆ ಪೇಪರಿನಲ್ಲೂ ಮಾತಾಡಬಹುದು ಅಂತ ತೋರಿಸಿದರು. ನಮ್ಮ ತಾಲೂಕಿನ ಜಗಳವೂ ಸುದ್ದಿ ಅಂದರು.

ಅವರ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 1935ರಲ್ಲಿ ಶಿವಮೊಗ್ಗದ ಕೊನಗವಳ್ಳಿಯಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಕತೆ, ಪದ್ಯ, ನಾಟಕ ಬರೆದರು. ಮೊದಲ ಸಿನಿಮಾಕ್ಕೇ ರಾಷ್ಟ್ರಪ್ರಶಸ್ತಿ ತಗೊಂಡರು. ಅದೆಲ್ಲ ಬಿಟ್ಟು 1980ರ ಜುಲೈನಲ್ಲಿ ಬಸವನಗುಡಿಯಿಂದ ವಾರಪತ್ರಿಕೆ ಶುರು ಮಾಡಿದರು. ನರಗುಂದದ ಗೋಲಿಬಾರ್ ಆದದ್ದೂ ಅದೇ ತಿಂಗಳು. ಪತ್ರಿಕೆಗೆ ಜಾಹೀರಾತು ಬೇಡ ಅಂದರು. 2000ದಲ್ಲಿ ತೀರಿಕೊಳ್ಳುವವರೆಗೂ ಓದುಗರ ಕಾಸಿನಲ್ಲೇ ನಡೆಸಿದರು. ಈಗ ಯೋಚಿಸಿದರೂ ತಲೆ ತಿರುಗುತ್ತೆ.

ನಮ್ಮದು ಅರಸೀಕೆರೆ ತಾಲೂಕು. ತೆಂಗು, ರಾಗಿ, ಬರ. ಅಪ್ಪ ಕೊಬ್ಬರಿ ಮಾರಲು ಟೌನಿಗೆ ಹೋದರೆ ವಾಪಸ್ ಬರುವಾಗ ಚೀಲದಲ್ಲಿ ಮೂರು ಸಾಮಾನು ಇರುತ್ತಿದ್ದವು. ಕಡ್ಲೆಪುರಿ, ಬೀಡಿ, ಪೇಪರು. ಆಗಿನ ಪೇಪರುಗಳಲ್ಲಿ ನಮ್ಮ ಕಡೆ ಸುದ್ದಿ ಬರಬೇಕಾದರೆ ಬಸ್ಸು ಮಗುಚಬೇಕಿತ್ತು, ಇಲ್ಲವೇ ಮಂತ್ರಿ ಬರಬೇಕಿತ್ತು. ಮಂತ್ರಿ ಬಂದರೆ ಭಾಷೆ ಹೀಗೆ: 'ಸಚಿವರು ಕಾಮಗಾರಿಗೆ ಶಂಕುಸ್ಥಾಪನೆ ನೆರವೇರಿಸಿ ಸಭೆಯನ್ನುದ್ದೇಶಿಸಿ ಮಾತನಾಡಿದರು.' ಅಪ್ಪ ಇದನ್ನು ಜೋರಾಗಿ ಓದಿ, 'ಕಲ್ಲು ಇಟ್ಟು ಹೋದ್ನಂತೆ' ಅಂತ ಅವ್ವನಿಗೆ ತಿಳಿಸುತ್ತಿದ್ದ. ಲಂಕೇಶ್ ಪತ್ರಿಕೆ ಬಂದಮೇಲೆ ಅಪ್ಪನಿಗೆ ಈ ಅನುವಾದದ ಕೆಲಸ ತಪ್ಪಿತು. ಅಲ್ಲಿ ಮೊದಲೇ 'ಕಲ್ಲು ಇಟ್ಟು ಹೋದ' ಅಂತಲೇ ಇರುತ್ತಿತ್ತು.

ಊರಿನ ಕಟಿಂಗ್ ಶಾಪಿನಲ್ಲಿ ಪತ್ರಿಕೆ ಓದುತ್ತಿದ್ದದ್ದು ಒಬ್ಬ, ಕೇಳುತ್ತಿದ್ದದ್ದು ಹತ್ತು ಜನ. ಬಿ. ಚಂದ್ರೇಗೌಡರ 'ಕಟ್ಟೆ ಪುರಾಣ' ಬಂದ ವಾರ ಶಾಪಿಗೆ ಹೋದರೆ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತವನ ಗತಿ ಅಷ್ಟೇ. ಹಳ್ಳಿ ಕಟ್ಟೆ ಮೇಲೆ ಕೂತವರು ವಿಧಾನಸೌಧದ ಮರ್ಯಾದೆ ತೆಗೆಯುವ ಬರಹ ಅದು. ನಾಗಮಂಗಲ ಕಡೆಯ ಮಾತು. ನಮಗೂ ಅದಕ್ಕೂ ಹೆಚ್ಚು ದೂರವಿಲ್ಲ. ಓದುವವನು ಒಂದು ಸಾಲು ಓದಿ ನಿಲ್ಲಿಸುವುದು, ಎಲ್ಲರೂ ನಗುವುದು. ಕ್ಷೌರ ಮಾಡುವವನು ಕತ್ತಿಯನ್ನು ಗಿರಾಕಿಯ ಗಂಟಲ ಹತ್ತಿರವೇ ಹಿಡಿದು ತಾನೂ ನಗುವುದು. ಸೋಪು ಒಣಗಿ ಬಿಳಿ ಹಪ್ಪಳದ ಹಾಗೆ ಏಳುತ್ತಿತ್ತು. 'ಮೊದ್ಲು ಕೆರಿಯಯ್ಯಾ, ಆಮೇಲ್ ನಗುವಂತೆ' ಅಂತ ಒಬ್ಬ ಅಜ್ಜ ಬೈದದ್ದು ಇನ್ನೂ ಕಿವಿಯಲ್ಲಿದೆ. ಅಜ್ಜನೂ ನಗುತ್ತಲೇ ಬೈದಿದ್ದ.

ನಮ್ಮ ಮನೆಯಲ್ಲಿ ಪತ್ರಿಕೆಗೆ ಇಬ್ಬರು ಒಡೆಯರು. ಅಪ್ಪನಿಗೆ ಲಂಕೇಶರ ಅಂಕಣ 'ಟೀಕೆ ಟಿಪ್ಪಣಿ'. ಅವ್ವನಿಗೆ ಧಾರಾವಾಹಿ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು ಬಂದದ್ದು ಈ ಪತ್ರಿಕೆಯಲ್ಲೇ. ನಾಲ್ಕನೇ ಕ್ಲಾಸು ಓದಿದ ಅವ್ವ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಕಾಸರಗೋಡು ಎಲ್ಲಿದೆ, ಆ ಹೊಳೆ ಹೇಗಿದೆ, ಒಂದೂ ಗೊತ್ತಿಲ್ಲ. ನಮ್ಮ ಕಡೆ ಹೊಳೆಯೇ ಇಲ್ಲ ಬಿಡಿ. ಆದರೆ ತಲಾಖ್ ಆದ ಆ ಹುಡುಗಿಗೆ ಏನಾಯಿತು ಅಂತ ಪಕ್ಕದ ಮನೆಯವಳಿಗೆ ದನದ ಕೊಟ್ಟಿಗೆಯಲ್ಲಿ ನಿಂತು ಹೇಳುತ್ತಿದ್ದಳು. ಯಾರೋ ನೆಂಟರ ಮನೆ ಹುಡುಗಿ ಅನ್ನುವ ಹಾಗೆ. ಆ ವಾರದ ಪತ್ರಿಕೆ ಅಪ್ಪನ ಕೈ ದಾಟಿದ ತಕ್ಷಣ ಕತ್ತರಿ ಹಾಕಿ ಆ ಪುಟ ತೆಗೆದಿಡುತ್ತಿದ್ದಳು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನನ್ನ ಆಫೀಸಿನ ಹುಡುಗರು ಕೇಳಿದರು, 'ಸಾರ್, ಇವರು ಇದ್ದಕ್ಕಿದ್ದ ಹಾಗೆ ಎಲ್ಲಿಂದ ಬಂದರು?' ನನಗೆ ನಗು ಬಂತು. ಎಂಬತ್ತರ ದಶಕದಲ್ಲಿ ನಮ್ಮ ಹಾಸನದಿಂದ ಲಂಕೇಶ್ ಪತ್ರಿಕೆಗೆ ವರದಿ ಮಾಡುತ್ತಿದ್ದವರು ಅವರು ಕಣ್ರಪ್ಪಾ! ಜಿಲ್ಲೆಯ ಊರಲ್ಲಿ ಒಬ್ಬ ಮುಸ್ಲಿಂ ಹೆಣ್ಣುಮಗಳು ವರದಿಗಾರ್ತಿ. ಆ ಕಾಲದಲ್ಲಿ ಬೇರೆ ಯಾರು ಹಾಗೆ ಕೆಲಸ ಕೊಡುತ್ತಿದ್ದರು ಹೇಳಿ? ಅವರು ಗೆದ್ದದ್ದು ಅವರ ಕತೆಗಳಿಂದ, ಅದರಲ್ಲಿ ಪಾಲು ಕೇಳುವುದು ತಪ್ಪು. ಆದರೂ ಆ ದಿನ ನನಗೆ ಮೊದಲು ನೆನಪಾದದ್ದು ಬಸವನಗುಡಿಯ ಮೇಷ್ಟ್ರು.

ಈಗ ನನ್ನ ಸ್ವಂತ ಕತೆ. ಧಾರಾವಾಹಿ ನಡೆಯುತ್ತಿದ್ದ ಕಾಲ, ನಾನು ಹೈಸ್ಕೂಲು. ನಮ್ಮೂರ ಕೆರೆ ಕೋಡಿ ರಿಪೇರಿ ಮಾಡಿದ್ದರು. ಒಂದೇ ಮಳೆಗೆ ಕಿತ್ತುಕೊಂಡು ಹೋಯಿತು. ಸಿಮೆಂಟು ಕೈಯಲ್ಲಿ ಒತ್ತಿದರೆ ರಾಗಿಹಿಟ್ಟಿನ ಹಾಗೆ ಉದುರುತ್ತಿತ್ತು. ನಾನು ನೋಟ್‌ಬುಕ್ಕಿನ ಮೂರು ಹಾಳೆ ತುಂಬ ಪತ್ರಿಕೆಗೆ ಕಾಗದ ಬರೆದೆ. 'ಭ್ರಷ್ಟಾಚಾರದ ಕಬಂಧಬಾಹು' ಅಂತೆಲ್ಲ ಶುರು ಮಾಡಿದ್ದೆ. ಕನ್ನಡ ಮೇಷ್ಟ್ರು ಮೆಚ್ಚುವ ಸ್ಟೈಲು.

ಐದು ವಾರ ಆದಮೇಲೆ ಬಂತು. ಐದೇ ಸಾಲು! ಕಬಂಧಬಾಹು ಇಲ್ಲ. 'ಮಾನ್ಯ ಸಂಪಾದಕರೇ' ಇಲ್ಲ. ಉಳಿದದ್ದು ಇಷ್ಟು: ಕೋಡಿ ಯಾವಾಗ ಕಟ್ಟಿದರು, ಯಾವಾಗ ಕಿತ್ತುಹೋಯಿತು, ಸಿಮೆಂಟು ರಾಗಿಹಿಟ್ಟಿನ ಹಾಗಿತ್ತು. ಕೆಳಗೆ ನನ್ನ ಹೆಸರು, ಊರಿನ ಹೆಸರು. ನನಗೆ ಅಳು ಬಂತು. ಕತ್ತರಿಸಿದವರು ಲಂಕೇಶರೋ, ಆಫೀಸಿನ ಇನ್ಯಾರೋ, ಯಾರಿಗೆ ಗೊತ್ತು. ಬರೆಯುವುದು ಹೇಗೆ ಅಂತ ನನಗೆ ಯಾರಾದರೂ ಕಲಿಸಿದ್ದರೆ ಅದು ಆ ಕತ್ತರಿಯೇ. ಇವತ್ತಿಗೂ ಉದ್ದುದ್ದ ಬರೆದಾಗ ರಾಗಿಹಿಟ್ಟು ಎಲ್ಲಿದೆ ಅಂತ ಹುಡುಕುತ್ತೇನೆ. (ಈ ಪೋಸ್ಟ್ ಉದ್ದವಾಯಿತು, ಗೊತ್ತು.)

ಮುಂದಿನ ವಾರ ಕಂಟ್ರಾಕ್ಟರ್ ಕಡೆಯವನೊಬ್ಬ ಮನೆಗೆ ಬಂದ. ಜಗಲಿ ಮೇಲೆ ಕೂತು ಅವ್ವ ಕೊಟ್ಟ ಮಜ್ಜಿಗೆ ಕುಡಿದ. 'ಏನ್ ಗೌಡ್ರೆ, ನಿಮ್ ಹುಡ್ಗ ಪೇಪರ್ಗೆಲ್ಲ ಬರೀತಾನಂತೆ' ಅಂದ. ಅಪ್ಪ ಕೊಬ್ಬರಿ ಸುಲಿಯುತ್ತಿದ್ದವನು ತಲೆ ಎತ್ತಲಿಲ್ಲ. 'ಬರ್ದಿರೋದ್ರಲ್ಲಿ ಸುಳ್ಳೇನಾದ್ರೂ ಐತಾ?' ಅಂದ. ಅವನು ಮಜ್ಜಿಗೆ ಚೆನ್ನಾಗಿದೆ ಅಂತ ಹೇಳಿ ಎದ್ದು ಹೋದ. ಕೋಡಿ ಮಾತ್ರ ಮತ್ತೆ ಕಟ್ಟಿದ್ದು ಎರಡು ವರ್ಷ ಆದಮೇಲೆ.

ಲಂಕೇಶರನ್ನು ದೇವರು ಮಾಡುವುದು ನನಗೆ ಇಷ್ಟವಿಲ್ಲ. ಅವರೂ ಒಪ್ಪುತ್ತಿರಲಿಲ್ಲ ಅನಿಸುತ್ತೆ. ಮುಖ್ಯಮಂತ್ರಿಯನ್ನು 'ಗುಂ' ಅಂತ ಒಂದಕ್ಷರಕ್ಕೆ ಇಳಿಸಿದಾಗ ನಾವು ಕುಣಿದಾಡಿದೆವು. ಆದರೆ ಅದೇ ಅಡ್ಡಹೆಸರು, ಅದೇ ಲೇವಡಿ ಸಣ್ಣಪುಟ್ಟವರ ಮೇಲೆ ಬಿದ್ದಾಗ ಓದಲು ಕಸಿವಿಸಿ ಆಗುತ್ತಿತ್ತು. ಅವರನ್ನು ನೋಡಿ ಆಮೇಲೆ ಬಂದ ಎಷ್ಟೋ ಟ್ಯಾಬ್ಲಾಯ್ಡುಗಳು ಆ ಲೇವಡಿಯನ್ನು ಮಾತ್ರ ಕಲಿತವು. ರಾಗಿಹಿಟ್ಟನ್ನು ಬಿಟ್ಟವು. ಅದರಲ್ಲಿ ಮೇಷ್ಟ್ರ ತಪ್ಪೂ ಸ್ವಲ್ಪ ಇದೆ ಅಂತ ನನ್ನ ಲೆಕ್ಕ. ಬೇಕಾದರೆ ಕಾಮೆಂಟಿನಲ್ಲಿ ಜಗಳ ಆಡಿ.

ಈಗ ಪೇಪರಿಗೆ ನಮ್ಮ ಜಿಲ್ಲೆಗೇ ಬೇರೆ ಪುಟಗಳಿವೆ. ಊರಿಗೆ ಹೋದಾಗ ನೋಡುತ್ತೇನೆ. ಹುಟ್ಟುಹಬ್ಬದ ಶುಭಾಶಯ, ಸನ್ಮಾನ, ಶಾಲು ಹೊದ್ದ ಎಂಟು ಜನ ಸಾಲಾಗಿ ನಿಂತ ಫೋಟೋ. ಪುಟ ಜಾಸ್ತಿಯಾಗಿದೆ, ಊರು ಕಾಣುತ್ತಿಲ್ಲ. ನಮ್ಮ ಕಡೆಯ ಮಾತಂತೂ ರೀಲ್ಸಿನಲ್ಲಿ ಕಾಮಿಡಿ ಮಾಡುವವರ ಪಾಲಾಗಿದೆ.

ಅವ್ವ ಹೋಗಿ ಏಳು ವರ್ಷ. ಹೋದ ತಿಂಗಳು ಅಟ್ಟ ಖಾಲಿ ಮಾಡುವಾಗ ಅವಳ ಟ್ರಂಕಿನ ತಳದಲ್ಲಿ ಧಾರಾವಾಹಿಯ ಪುಟಗಳು ಸಿಕ್ಕವು. ಸೂಜಿ ದಾರದಲ್ಲಿ ಹೊಲಿದಿಟ್ಟಿದ್ದಳು. ಅಂಚೆಲ್ಲ ಬೀಡಿ ಎಲೆಯ ಬಣ್ಣಕ್ಕೆ ತಿರುಗಿದೆ. ಒಂದು ಪುಟ ತಿರುಗಿಸಿದರೆ ಹಿಂದೆ ಓದುಗರ ಪತ್ರಗಳು. ಅದರಲ್ಲಿ ನನ್ನದೂ ಇತ್ತು. ಅವ್ವ ತನ್ನ ಕತೆಯ ಅಳತೆಗೆ ಕತ್ತರಿ ಹಾಕಿದ್ದಳಲ್ಲ, ನನ್ನ ಐದು ಸಾಲಿನಲ್ಲಿ ಕೊನೆಯ ಮೂರಷ್ಟೇ ಉಳಿದಿವೆ. ಕೆಳಗೆ ನನ್ನ ಹೆಸರು ಅರ್ಧಕ್ಕೆ ಕತ್ತರಿಸಿಹೋಗಿದೆ. ಊರಿನ ಹೆಸರು ಪೂರ್ತಿ ಇದೆ.