ಕಡಲಿಗೆ ಹೊರಡುವ ಮುನ್ನ ಗಾಳಿಯನ್ನು ವಿಚಾರಿಸಿ

ನಿನ್ನೆ ಮಧ್ಯಾಹ್ನ ಮಾಲ್ಟಾ ದೇಶದ ಗೋಜೋ ದ್ವೀಪದ ರಮ್ಲಾ ಕಡಲತೀರದಲ್ಲಿ ಕಂಡದ್ದು ಇಂದು ಬೆಳಿಗ್ಗೆಯಾದರೂ ಮನಸ್ಸಿನಿಂದ ಇಳಿದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನು ಮಲಗುವುದನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ದಂಡೆಯಲ್ಲಿ ನೀರಿಗಿಳಿಯಬೇಡಿ ಎನ್ನುವ ಕೆಂಪು ಬಾವುಟ ಹಾರುತ್ತಿತ್ತು. ಅಲೆಗಳು ದಡದ ಮರಳನ್ನೆಲ್ಲ ಕಲಕಿ ನೀರನ್ನು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿಸಿದ್ದವು. ಅಲ್ಲಿ ಮೈಸೂರಿನಿಂದ ಬಂದ ಒಂದು ಕುಟುಂಬ, ಗಂಡ, ಹೆಂಡತಿ ಮತ್ತು ಹತ್ತು ಹನ್ನೊಂದು ವಯಸ್ಸಿನ ಮಗಳು, ಬಾಡಿಗೆಗೆ ತಂದ ಸ್ನಾರ್ಕೆಲ್ (ಮುಖ ಮುಳುಗಿಸಿ ಈಜುವಾಗ ಉಸಿರಾಡುವ ಕೊಳವೆ) ಮತ್ತು ಮಾಸ್ಕ್ ಹಿಡಿದು ನಿಂತಿದ್ದರು. ತಂದೆ ಜೀವರಕ್ಷಕನೊಡನೆ ಇಂಗ್ಲಿಷಿನಲ್ಲಿ ವಾದಿಸುತ್ತಿದ್ದರು, ಹುಡುಗಿ ಅಮ್ಮನ ಹತ್ತಿರ ಕನ್ನಡದಲ್ಲಿ ಅಳುತ್ತಿದ್ದಳು. ಆ ಅಳು ಕಿವಿಗೆ ಬಿದ್ದ ಮೇಲೆ ಸುಮ್ಮನೆ ದಾಟಿ ಹೋಗುವುದು ನನ್ನಿಂದಾಗಲಿಲ್ಲ.

"ಇಲ್ಲಿಗೇ ಯಾಕೆ ಬಂದಿರಿ?" ಎಂದು ಕೇಳಿದೆ. ತಂದೆ ಮೊಬೈಲಿನಲ್ಲಿ ಒಂದು ಪಟ್ಟಿ ತೋರಿಸಿದರು. ಗೋಜೋ ದ್ವೀಪದ ಹತ್ತು ಅತ್ಯುತ್ತಮ ಕಡಲತೀರಗಳು, ಅದರಲ್ಲಿ ಮೊದಲನೆಯದು ರಮ್ಲಾ. ಚಿತ್ರದಲ್ಲಿ ನೀರು ಗಾಜಿನಂತೆ ನಿಂತಿತ್ತು. ಆ ಚಿತ್ರ ತೆಗೆದ ದಿನ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು ಎಂಬುದನ್ನು ಆ ಪಟ್ಟಿ ಬರೆದವರು ಒಂದು ಸಾಲಿನಲ್ಲಿಯೂ ಹೇಳಿರಲಿಲ್ಲ. ನನ್ನ ಸಿಟ್ಟು ಇರುವುದು ಈ ಒಂದು ವಿಷಯಕ್ಕೆ. ಐದು ವರ್ಷಗಳಿಂದ ಈ ದ್ವೀಪದಲ್ಲಿದ್ದೇನೆ, ಪ್ರತಿ ಬೇಸಿಗೆಯಲ್ಲಿಯೂ ಇದನ್ನೇ ನೋಡುತ್ತಿದ್ದೇನೆ.

ಗೋಜೋ ಎಷ್ಟು ಸಣ್ಣದು ಎಂಬುದನ್ನು ಮೊದಲು ತಿಳಿಯಬೇಕು. ಮಾಲ್ಟಾ ದೇಶದ ಎರಡನೆಯ ದೊಡ್ಡ ದ್ವೀಪವಾದರೂ ಇದರ ವಿಸ್ತೀರ್ಣ 67 ಚದರ ಕಿಲೋಮೀಟರ್ ಮಾತ್ರ. ಉದ್ದ ಸುಮಾರು 14 ಕಿಲೋಮೀಟರ್, ಅಗಲ ಅದರ ಅರ್ಧ. ಬಡಗಿನ ದಂಡೆಯಲ್ಲಿ ಕಡಲು ಹುಚ್ಚೆದ್ದು ಬಂಡೆಗೆ ಅಪ್ಪಳಿಸುತ್ತಿರುವ ಹೊತ್ತಿನಲ್ಲಿಯೇ ತೆಂಕಣ ದಂಡೆಯಲ್ಲಿ ಕೆರೆಯ ನೀರಿನಂತೆ ಶಾಂತವಾಗಿರುತ್ತದೆ, ಮತ್ತು ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಇಪ್ಪತ್ತು ನಿಮಿಷ ಸಾಕು. ದ್ವೀಪ ಸಣ್ಣದಾಗಿರುವುದರ ಲಾಭವೇ ಇದು. ಇಷ್ಟು ಸುಲಭವಾಗಿ ದಂಡೆ ಬದಲಿಸಬಹುದಾದ ಜಾಗದಲ್ಲಿ, ಊರಿನಲ್ಲಿ ಕುಳಿತು ತಿಂಗಳ ಹಿಂದೆಯೇ ಗೊತ್ತುಮಾಡಿಕೊಂಡ ತೀರಕ್ಕೇ ಹೋಗುತ್ತೇವೆ ಎಂದು ಹಟ ಹಿಡಿಯುವುದು ನನಗೆ ಅರ್ಥವಾಗುವುದಿಲ್ಲ.

ನಾನು ಹೊನ್ನಾವರದವನು. ನಮ್ಮಲ್ಲಿ ಕಡಲಿನ ಸ್ವಭಾವವನ್ನು ಉಬ್ಬರ ಇಳಿತ, ಮಳೆಗಾಲ ಮತ್ತು ಹೊಳೆ ಸೇರಿ ನಿರ್ಧರಿಸುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವುದಿಲ್ಲ, ಶರಾವತಿ ಹೊತ್ತು ತರುವ ಕೆಂಪು ನೀರು ಅಳಿವೆಯಾಚೆಗೂ ಹರಡಿರುತ್ತದೆ. ಮೆಡಿಟರೇನಿಯನ್ನಿನ ಈ ಭಾಗದಲ್ಲಿ ಉಬ್ಬರ ಇಳಿತ ಒಂದು ಗೇಣನ್ನು ಮೀರುವುದು ಅಪರೂಪ. ಗೋಜೋದಲ್ಲಿ ಹೊಳೆಯೂ ಇಲ್ಲ, ಹೂಳೂ ಇಲ್ಲ. ಇಲ್ಲಿಯ ನೀರು ಇಷ್ಟು ತಿಳಿಯಾಗಿರುವುದು ಅದರಿಂದಲೇ. ಹೀಗಿರುವಾಗ ಕಡಲನ್ನು ಕದಡುವ ಶಕ್ತಿ ಉಳಿದಿರುವುದು ಗಾಳಿಗೆ ಮಾತ್ರ, ಮತ್ತು ಆ ಗಾಳಿಯನ್ನು ವಿಚಾರಿಸದೆ ತೀರವನ್ನು ಆರಿಸುವುದೆಂದರೆ ಊರಿನಲ್ಲಿ ಹೊಳೆಯ ಸೆಳವನ್ನು ನೋಡದೆ ದೋಣಿ ಬಿಟ್ಟ ಹಾಗೆ.

ಇಲ್ಲಿಯ ಮೀನುಗಾರರು ಪ್ರತಿಯೊಂದು ದಿಕ್ಕಿನ ಗಾಳಿಗೂ ಹೆಸರಿಟ್ಟಿದ್ದಾರೆ. ಅತಿ ಹೆಚ್ಚು ದಿನ ಬೀಸುವುದು ಮಯ್ಯಿಸ್ಟ್ರಾಲ್, ಅಂದರೆ ವಾಯವ್ಯದ ಗಾಳಿ. ನಮ್ಮ ಹಿರಿಯರು ಆ ಮೂಲೆಯನ್ನು ವಾಯುವಿಗೇ ಒಪ್ಪಿಸಿದ್ದು ಇಲ್ಲಿಗೂ ಹೊಂದುತ್ತದೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಅದು ಬಲವಾಗಿ ಬೀಸುವ ದಿನ ಬಡಗು ಮತ್ತು ಪಡುವಣ ದಂಡೆಗಳ ರಮ್ಲಾ, ಮಾರ್ಸಲ್ಫೋರ್ನ್, ಶ್ವೇಯ್ನಿ, ವೀದ್ ಇಲ್ ಆಸ್ರಿ, ದ್ವೇಯ್ರಾ ಯಾವುದೂ ನೀರಿಗಿಳಿಯಲು ಯೋಗ್ಯವಲ್ಲ. ಅಂದು ಹೋಗಬೇಕಾದದ್ದು ಕೊಮಿನೋ ದ್ವೀಪಕ್ಕೆ ಎದುರಾಗಿರುವ ಹೊಂಡೋ ಇರ್ರುಮ್ಮೀನಿಗೆ, ಇಲ್ಲವೇ ಎರಡು ಗುಡ್ಡಗಳ ನಡುವೆ ಅಡಗಿರುವ ಇಮ್ಜಾರ್ ಇಶ್ಶೀನಿಗೆ. ಆಫ್ರಿಕಾದ ಕಡೆಯಿಂದ ಬಿಸಿಯನ್ನೂ ತೇವವನ್ನೂ ತರುವ ಆಗ್ನೇಯದ ಶ್ಲೊಕ್ ಬೀಸಿದರೆ ಎಲ್ಲವೂ ತಿರುವುಮುರುವು. ಆಗ ಬಡಗಿನ ದಂಡೆಯೇ ಸ್ವರ್ಗ. ಈಶಾನ್ಯದ ಗ್ರಿಗಾಲ್ ಬಂದರೆ ನೈಋತ್ಯ ದಂಡೆಯ ಶ್ಲೆಂಡಿಯ ಕಡೆಗೆ ಹೊರಡಬೇಕು. ಇಷ್ಟನ್ನು ತಿಳಿಯಲು ಯಾವ ತರಬೇತಿಯೂ ಬೇಡ, ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಗಾಳಿಯ ಬಾಣ ಯಾವ ಕಡೆಗಿದೆ ಎಂದು ನೋಡಿದರೆ ಸಾಕು. ಗಾಳಿ ಎದುರಾಗಿ ಬೀಸುವ ದಂಡೆಗೆ ಅಲೆಯ ಜೊತೆಗೆ ಜೆಲ್ಲಿ ಮೀನುಗಳೂ ಬಂದು ಸೇರುತ್ತವೆ. ಅಂಗೈಯಷ್ಟೂ ಇರದ ಆ ನೇರಳೆ ಜೀವಿ ಮುಟ್ಟಿದರೆ ಹಿರಿಯರೇ ಕಿರುಚುತ್ತಾರೆ, ಮಕ್ಕಳ ಪಾಡನ್ನು ಹೇಳುವುದೇ ಬೇಡ.

"ಇಷ್ಟು ದೂರ ಬಂದು ಹೆಸರಾಂತ ಜಾಗವನ್ನು ನೋಡದೆ ಹೋಗುವುದೇ?" ಎಂದು ಕೇಳುವವರಿದ್ದಾರೆ. ನಿನ್ನೆ ಆ ತಂದೆಯೂ ಅದನ್ನೇ ಕೇಳಿದರು. ರಜೆ ಸಿಗುವುದು ಎಷ್ಟು ಕಷ್ಟ, ಖರ್ಚು ಎಷ್ಟು ಎಂಬುದನ್ನೆಲ್ಲ ನಾನು ಬಲ್ಲೆ. ಆದರೆ ನೋಡುವುದು ಬೇರೆ, ನೀರಿಗಿಳಿಯುವುದು ಬೇರೆ. ರಮ್ಲಾವನ್ನು ಗಾಳಿಯ ದಿನವೂ ಮೇಲಿನ ಗುಡ್ಡದಲ್ಲಿ ನಿಂತು ನೋಡಬಹುದು, ಆ ಕೆಂಪು ಮರಳು ಆಗಲೂ ಸುಂದರವೇ. ಕೊಮಿನೋದ ನೀಲಿ ಲಗೂನಿಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿಗೆ ನುಗ್ಗುವವರ ಸಂಖ್ಯೆ ಎಷ್ಟಾಯಿತೆಂದರೆ, 2025ರ ಬೇಸಿಗೆಯಿಂದ ಮೊದಲೇ ಹೆಸರು ನೋಂದಾಯಿಸಿಕೊಂಡು ಹೋಗುವ ವ್ಯವಸ್ಥೆಯನ್ನು ಸರ್ಕಾರ ತರಬೇಕಾಯಿತು. ಆ ಮನಮೋಹಕ ಬಣ್ಣ ಹುಟ್ಟುವುದು ತಳದ ಬಿಳಿ ಮರಳಿನಿಂದ, ಮತ್ತು ಬರಿಯ ಮರಳಿನ ಮೇಲೆ ಮೀನಿಗೆ ತಿನ್ನಲು ಏನಿದೆ, ಅಡಗಲು ಎಲ್ಲಿದೆ? ಸ್ನಾರ್ಕೆಲಿಂಗ್ ಮಾಡಲು ಬಂದವರು ತಿಳಿ ನೀಲಿಯನ್ನು ಬಿಟ್ಟು ನೀರು ಕಪ್ಪಾಗಿ ಕಾಣುವ ಕಡೆಗೆ, ಅಂದರೆ ಬಂಡೆ ಮತ್ತು ಕಡಲಹುಲ್ಲು ಇರುವ ಕಡೆಗೆ ಹೋಗಬೇಕು. ಬಹುತೇಕರು ಆ ಕಪ್ಪು ಬಣ್ಣಕ್ಕೆ ಹೆದರಿ ಹಿಂದೆ ಸರಿಯುತ್ತಾರೆ.

ಆ ಕಡಲಹುಲ್ಲಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅದರ ಹೆಸರು ಪೊಸಿಡೋನಿಯಾ ಓಷಿಯಾನಿಕಾ. ಜಗತ್ತಿನಲ್ಲಿ ಮೆಡಿಟರೇನಿಯನ್ ಬಿಟ್ಟು ಇನ್ನೆಲ್ಲಿಯೂ ಈ ಜಾತಿ ಬೆಳೆಯುವುದಿಲ್ಲ. ಅದು ಪಾಚಿಯಲ್ಲ, ಬೇರು, ಎಲೆ, ಹೂವು, ಹಣ್ಣು ಎಲ್ಲ ಇರುವ ಗಿಡ. ಅದರ ಒಣಗಿದ ಎಲೆಗಳು ದಡದಲ್ಲಿ ಕಂದು ರಾಶಿಯಾಗಿ ಬಿದ್ದಿರುವುದನ್ನು ಕಂಡು, ಈ ಜಾಗ ಕೊಳಕಾಗಿದೆ ಎಂದು ಮೂಗು ಮುರಿದು ಹಿಂತಿರುಗುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆ ರಾಶಿ ಮರಳನ್ನು ಅಲೆಯ ಹೊಡೆತದಿಂದ ಕಾಯುತ್ತದೆ, ನೀರಿನೊಳಗಿನ ಹುಲ್ಲುಗಾವಲು ಮರಿ ಮೀನುಗಳನ್ನು ಸಾಕುತ್ತದೆ. ಎಲೆ ಬಿದ್ದಿರುವ ದಂಡೆಯೆಂದರೆ ಅದರ ಮುಂದಿನ ಕಡಲಿನಲ್ಲಿ ಜೀವವಿದೆ ಎಂದು ಅರ್ಥ.

ದ್ವೇಯ್ರಾದ ವಿಷಯದಲ್ಲಿ ನನ್ನ ತಳಮಳ ಬೇರೆಯೇ. ಅಲ್ಲಿದ್ದ ಕಲ್ಲಿನ ಹೆಬ್ಬಾಗಿಲು, ಅಂದರೆ ನೀಲ ಕಿಟಕಿ, 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಿಕ್ಕಿ ಕುಸಿದು ಕಡಲು ಸೇರಿತು. ಅಷ್ಟು ದೊಡ್ಡ ಬಂಡೆಯನ್ನು ಉರುಳಿಸಿದ ಅಲೆಗಳು ಬರುವ ದಿಕ್ಕಿಗೇ ತೆರೆದುಕೊಂಡಿರುವ ದಂಡೆಯದು. ಶಾಂತವಾದ ದಿನ ಅಲ್ಲಿಯ ನೀಲಿ ಕುಳಿಯ ಮೇಲೆ ತೇಲುತ್ತಾ ಕೆಳಗೆ ಮುಳುಗುಗಾರರ ಉಸಿರಿನ ಗುಳ್ಳೆಗಳು ಬೆಳ್ಳಿಯಂತೆ ಮೇಲೇರುವುದನ್ನು ನೋಡುವುದಕ್ಕೆ ಸಮನಾದದ್ದು ಈ ದ್ವೀಪದಲ್ಲಿ ಇನ್ನೊಂದಿಲ್ಲ. ಪಕ್ಕದ ಒಳಗಡಲಿನಿಂದ ಹೊರಗಡಲಿಗೆ ಹೋಗುವ ಸುರಂಗದಲ್ಲಿ ಮಾತ್ರ ಮಕ್ಕಳನ್ನು ಈಜಲು ಬಿಡಬೇಡಿ, ಅದು ದೋಣಿಗಳು ಓಡಾಡುವ ದಾರಿ.

ಇಷ್ಟು ಖಂಡಿತವಾಗಿ ಹೇಳಲು ನನಗೊಂದು ಕಾರಣವಿದೆ, ಅದನ್ನು ಇದುವರೆಗೆ ಇಲ್ಲಿ ಬರೆದಿರಲಿಲ್ಲ. ಮೂರು ವರ್ಷಗಳ ಹಿಂದೆ ಅಕ್ಕನ ಮಗ ಬಂದಿದ್ದಾಗ ಅವನನ್ನು ವೀದ್ ಇಲ್ ಆಸ್ರಿಗೆ ಕರೆದುಕೊಂಡು ಹೋಗಿದ್ದೆ. ಅದು ಎರಡು ಎತ್ತರದ ಬಂಡೆಗೋಡೆಗಳ ನಡುವೆ ಕಡಲು ಓಣಿಯಂತೆ ಒಳನುಗ್ಗಿರುವ ಜಾಗ. ಗಾಳಿ ಹಿಂದಿನ ರಾತ್ರಿಯೇ ನಿಂತಿತ್ತು, ಆದ್ದರಿಂದ ಕಡಲೂ ತಣ್ಣಗಾಗಿರುತ್ತದೆ ಎಂದು ನಂಬಿದೆ. ಗಾಳಿ ನಿಂತ ಮೇಲೂ ಅದು ಎಬ್ಬಿಸಿದ ಉಬ್ಬಲೆ ಒಂದು ದಿನವಾದರೂ ಉಳಿದಿರುತ್ತದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಓಣಿಯ ಬಾಯಿಯ ಹತ್ತಿರ ಒಂದು ಅಲೆ ಹುಡುಗನನ್ನು ಎತ್ತಿ ಗೋಡೆಗೆ ಒರೆಸಿತು. ತೋಳಿನಿಂದ ಮೊಣಕೈಯವರೆಗೆ ಚರ್ಮ ಸುಲಿದುಹೋಯಿತು. ಮೇಲೆ ಮೆಟ್ಟಿಲಿನಲ್ಲಿದ್ದ ಒಬ್ಬ ವೃದ್ಧರು ಕೂಗಿ, ಕೈಸನ್ನೆಯಿಂದ ಅಲೆ ಇಳಿಯುವ ಹೊತ್ತನ್ನು ತೋರಿಸಿ ನಮ್ಮನ್ನು ದಡ ಸೇರಿಸಿದರು. ಅಕ್ಕನಿಗೆ ಹುಡುಗ ಬಂಡೆಯ ಮೇಲೆ ಜಾರಿ ಬಿದ್ದನೆಂದು ಹೇಳಿದ್ದೆ. ಅಕ್ಕಾ, ನೀನು ಇದನ್ನು ಓದುತ್ತೀಯೆಂದು ಗೊತ್ತು, ಆ ದಿನ ತಪ್ಪು ನನ್ನದೇ.

ನಿನ್ನೆಯ ಕುಟುಂಬ ಕೊನೆಗೆ ನನ್ನ ಕಾರಿನ ಹಿಂದೆಯೇ ಹೊಂಡೋಗೆ ಬಂದಿತು. ಅದೇ ಗಾಳಿ, ಅದೇ ಬಿಸಿಲು, ಆದರೆ ನೀರಿನಲ್ಲಿ ತೆರೆಯೇ ಇರಲಿಲ್ಲ. ತಂದೆ ಮೊದಲು ನಂಬಲಿಲ್ಲ, ಪಾದ ಮುಳುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಬಲಗಡೆಯ ಬಂಡೆಯ ಅಂಚಿನಲ್ಲಿ ಹುಡುಗಿಗೆ ಹುಲ್ಲು ಮೇಯುವ ಚಿನ್ನದ ಗೆರೆಯ ಸಾಲ್ಪಾ ಮೀನುಗಳ ಹಿಂಡು ಸಿಕ್ಕಿತು, ಆಮೇಲೆ ಒಂದು ಗಿಳಿಮೀನು. ಗಿಳಿಮೀನಿನ ಈ ಜಾತಿಯಲ್ಲಿ ಕೆಂಪು ಹಳದಿಯ ಅಲಂಕಾರವೆಲ್ಲ ಹೆಣ್ಣಿಗೆ, ಗಂಡು ಬೂದಿ ಬಣ್ಣದ್ದು ಎಂದು ಹೇಳಿದಾಗ ಅವಳು ಮಾಸ್ಕ್ ತೆಗೆಯದೆಯೇ ನಕ್ಕು ನೀರು ಕುಡಿದಳು. "ಅಣ್ಣ, ನಾವು ರಮ್ಲಾದಿಂದಲೇ ವಾಪಸು ಹೋಗಿಬಿಡುತ್ತಿದ್ದೆವು" ಎಂದು ಆ ತಾಯಿ ಎರಡು ಸಲ ಹೇಳಿದರು.

ಇಂದು ಗಾಳಿ ಇಳಿದಿದೆ, ಉಬ್ಬಲೆ ಇನ್ನೂ ಇದೆ. ಆದ್ದರಿಂದ ಅವರನ್ನು ಕಡಲಿನ ಕಡೆಗೆ ಬಿಡದೆ ಜಿಗಂತಿಯಾದ ಶಿಲಾಯುಗದ ಗುಡಿಗಳನ್ನು ನೋಡಲು ಕಳುಹಿಸಿದ್ದೇನೆ. ನಾಳೆ ಶ್ಲೊಕ್ ಬೀಸಲಿದೆ ಎಂದು ಮುನ್ಸೂಚನೆ ಹೇಳುತ್ತಿದೆ. ಬೆಳಿಗ್ಗೆ ಎಂಟಕ್ಕೆ ಶ್ವೇಯ್ನಿಯಲ್ಲಿ, ನಮ್ಮ ಸಾಣಿಕಟ್ಟೆಯನ್ನು ನೆನಪಿಸುವ ಆ ಉಪ್ಪಿನ ಆಗರಗಳ ಪಕ್ಕದಲ್ಲಿ ಸೇರುವುದೆಂದು ಮಾತಾಗಿದೆ. ಹೊರಡುವ ಮುನ್ನ ಗಾಳಿಯ ಬಾಣ ನೋಡಿ ನನಗೆ ತಿಳಿಸುವ ಕೆಲಸವನ್ನು ಹುಡುಗಿಗೆ ವಹಿಸಿದ್ದೇನೆ.