ಡ್ರೋನ್ ಬಂದ ಮಾತ್ರಕ್ಕೆ ಸಬ್‌ಮರೀನ್ ಬಯಲಾಗುವುದಿಲ್ಲ

‘ಡ್ರೋನ್ ದೋಣಿ, ಸೋನಾರ್ ಜಾಲ ಬಂದಿವೆ, ಇನ್ನು ಯಾವ ಸಬ್‌ಮರೀನೂ ಅಡಗಿರಲು ಸಾಧ್ಯವಿಲ್ಲ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. (ಸೋನಾರ್ ಅಂದರೆ ಸದ್ದಿನ ಮೂಲಕ ನೀರಿನಡಿಯ ವಸ್ತುಗಳನ್ನು ಪತ್ತೆ ಮಾಡುವ ಸಾಧನ.) ಅರ್ಧ ನಿಜ, ಅಷ್ಟೆ.

ಜಾಲ ಹೊಸದೇನಲ್ಲ. ಸೋವಿಯತ್ ಸಬ್‌ಮರೀನ್‌ಗಳ ಸದ್ದು ಕೇಳಲು ಅಮೆರಿಕ 1950ರ ದಶಕದಲ್ಲೇ ಸಮುದ್ರದ ತಳದಲ್ಲಿ ಹೈಡ್ರೋಫೋನ್‌ಗಳನ್ನು, ಅಂದರೆ ನೀರಿನಡಿಯ ಮೈಕ್‌ಗಳನ್ನು ಹಾಸಿತ್ತು. ಅದರ ಹೆಸರು ಸೋಸಸ್. ಇನ್ನು ಡ್ರೋನ್ ದೋಣಿ. 2016ರಲ್ಲಿ ಅಮೆರಿಕ ನೀರಿಗಿಳಿಸಿದ ‘ಸೀ ಹಂಟರ್’ ಎಂಬ ಸುಮಾರು 40 ಮೀಟರ್ ಉದ್ದದ ಸಿಬ್ಬಂದಿಯಿಲ್ಲದ ಹಡಗಿನ ಮೂಲ ಉದ್ದೇಶ, ಸಿಕ್ಕ ಸಬ್‌ಮರೀನಿನ ಬೆನ್ನು ಬಿಡದಿರುವುದು. ಮೊದಲು ಸಿಗಬೇಕಲ್ವಾ?

ತೊಡಕು ಇರುವುದೇ ನೀರಿನಲ್ಲಿ. ಅಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಆದರೆ ನೇರವಾಗಿ ಅಲ್ಲ. ಮೇಲೆ ಬಿಸಿ, ಕೆಳಗೆ ತಣ್ಣನೆಯ ನೀರು. ಈ ಪದರಗಳಲ್ಲಿ ಸದ್ದು ಬಾಗುತ್ತದೆ. ಸಬ್‌ಮರೀನ್ ಆ ಪದರದ ಕೆಳಗೆ ನುಸುಳಿದರೆ ಮೇಲಿನ ಸೋನಾರ್‌ಗೆ ಸುಳಿವು ಸಿಗುವುದು ಕಷ್ಟ. ಜೊತೆಗೆ ಹಡಗು, ಅಲೆ, ಸೀಗಡಿಗಳ ಗದ್ದಲ ಬೇರೆ. (ಹೌದು, ಕೆಲವು ಸೀಗಡಿಗಳು ಸಿಕ್ಕಾಪಟ್ಟೆ ಸದ್ದು ಮಾಡುತ್ತವೆ!)

2009ರ ಫೆಬ್ರುವರಿಯಲ್ಲಿ ಅಟ್ಲಾಂಟಿಕ್‌ನಲ್ಲಿ ಬ್ರಿಟನ್‌ನ ‘ವ್ಯಾನ್‌ಗಾರ್ಡ್’ ಮತ್ತು ಫ್ರಾನ್ಸ್‌ನ ‘ಲ ತ್ರಿಯೋಂಫಾಂ’ ಅಣು ಸಬ್‌ಮರೀನ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಎರಡರಲ್ಲೂ ಸೋನಾರ್ ಇತ್ತು.

ಡ್ರೋನ್‌ಗಳಿಂದ ಹುಡುಕಾಟ ಅಗ್ಗವಾಗುತ್ತದೆ, ಜಾಸ್ತಿ ದಿನ ನಡೆಯುತ್ತದೆ. ಸಮುದ್ರ ಮಾತ್ರ ಇನ್ನೂ ಗಾಜಾಗಿಲ್ಲ.