ಗ್ಲಾಸಿಗಾಗಿ ವಾಚನ್ನೇ ಬಿಸಾಡಬೇಕೇ?

ಬಚ್ಚಲುಮನೆ ಬಾಗಿಲ ಚಿಲಕಕ್ಕೆ ತಾಗಿ ನನ್ನ ವಾಚಿನ ಗ್ಲಾಸು ಸೀಳಿತು. 2ರ ಅಂಕಿಯಿಂದ 7ರವರೆಗೆ ಕೂದಲೆಳೆಯಂಥ ಬಿರುಕು. ವಾಚು ಕೊಂಡದ್ದು 800 ರೂಪಾಯಿಗೆ. ರಿಪೇರಿ ಅಂಗಡಿಯವರು ಕೈಗೂ ತಗೊಳ್ಳದೆ, "ಗ್ಲಾಸಿಗೇ 350 ಆಗುತ್ತೆ, ಸುಮ್ನೆ ಹೊಸದು ತಗೊಳ್ಳಿ ಸರ್" ಅಂದರು. ಈ ಮಾತು ಕೇಳಿದರೇ ಮೈ ಉರಿಯುತ್ತೆ. ಒಳಗಿನ ಮಷಿನ್ನು ಚೆನ್ನಾಗೇ ಓಡ್ತಿದೆ, ಒಂದು ನಿಮಿಷವೂ ಹಿಂದೆ ಬಿದ್ದಿಲ್ಲ. ಅದನ್ನು ಹೇಗೆ ಕಸಕ್ಕೆ ಹಾಕಲಿ?

ಅಪ್ಪನ ಎಚ್‌ಎಂಟಿ ಜನತಾ ವಾಚಿಗಿದ್ದದ್ದು ಅಕ್ರಿಲಿಕ್ ಗ್ಲಾಸು, ಅಂದರೆ ಒಂಥರಾ ಪ್ಲಾಸ್ಟಿಕ್. ಗೀರು ಬಿದ್ದರೆ ಟೂತ್‌ಪೇಸ್ಟ್ ಹಚ್ಚಿ, ಹಳೇ ಬನಿಯನ್ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ತರುತ್ತಿದ್ದರು. ಸೀಳಿದಾಗ ಬಸ್‌ಸ್ಟ್ಯಾಂಡ್ ಪಕ್ಕದ ಪೆಟ್ಟಿಗೆ ಅಂಗಡಿಯಾತ ಅಳತೆ ನೋಡಿ ಹೊಸದನ್ನು ಅಲ್ಲೇ ಒತ್ತಿ ಕೂರಿಸಿಕೊಟ್ಟಿದ್ದ. ಹೊಸ ವಾಚು ತಗೊಳ್ಳಿ ಅನ್ನಲಿಲ್ಲ.

ನನ್ನದು ಮಿನರಲ್ ಗ್ಲಾಸು, ಅಂದರೆ ನಿಜವಾದ ಗಾಜು. ತಿಕ್ಕಿದರೆ ಬಿರುಕು ಹೋಗಲ್ಲ, ಬದಲಿಸಲೇಬೇಕು. ಮೇಲೆ ಟೇಪು ಅಂಟಿಸಿ ನೋಡಿದೆ. ನಿನ್ನೆ ಕೈ ತೊಳೆದ ಮೇಲೆ ಒಳಗೆ ಮಂಜು ಕಟ್ಟಿ, 6ರ ಅಂಕಿಯೇ ಕಾಣದಂತಾಯಿತು. ಹೀಗೇ ಬಿಟ್ಟರೆ ಡಯಲ್ ಕಲೆಗಟ್ಟುತ್ತೆ, ಮಷಿನ್ನು ತುಕ್ಕು ಹಿಡಿಯುತ್ತೆ. ನಾಳೆ ಇನ್ನೊಂದು ಅಂಗಡಿಗೆ ಹೋಗ್ತೀನಿ. ಅವರೂ 350 ಕೇಳಿದರೆ ಕೊಟ್ಟೇ ಬರ್ತೀನಿ.